ಪೈಲ್ಸ್ ಶಸ್ತ್ರಚಿಕಿತ್ಸೆಯ ನಂತರ ಗುದದ್ವಾರ ಕಿರಿದಾದರೆ

‘ಡಾಕ್ಟರೇ, ಪೈಲ್ಸ್ ಮತ್ತೆ ಬಂದಿದೆ’ ಎಂದು ಬರುವ ಕೆಲವರಿಗೆ ನಿಜವಾಗಿ ಬಂದಿರುವುದು ಪೈಲ್ಸ್ ಅಲ್ಲ. ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳೋ ತಿಂಗಳುಗಳೋ ಕಳೆದಿರುತ್ತವೆ. ಮಲ ಪೆನ್ಸಿಲಿನಷ್ಟು ಸಣ್ಣಗೆ ಬರುತ್ತದೆ, ಎಷ್ಟು ತಿಣುಕಿದರೂ ಹೊಟ್ಟೆ ಖಾಲಿಯಾದಂತೆ ಅನಿಸುವುದಿಲ್ಲ, ಚರ್ಮ ಸೀಳಿ ರಕ್ತವೂ ಕಾಣಿಸುತ್ತದೆ. ಆ ರಕ್ತವೇ ದಾರಿ ತಪ್ಪಿಸುತ್ತದೆ. ಆಗಿರುವುದು ಗುದದ್ವಾರದ ಸಂಕೋಚ.

ಗುದನಾಳದ ಉದ್ದ ಸುಮಾರು 3ರಿಂದ 4 ಸೆಂಟಿಮೀಟರ್ ಮಾತ್ರ. ಅದರ ಕೆಳಭಾಗದಲ್ಲಿ ತೆಳುವಾದ, ಹಿಗ್ಗುವ ಗುಣವಿರುವ ಚರ್ಮವಿದೆ. ಮೂಲವ್ಯಾಧಿಯ ಗಂಟುಗಳನ್ನು ತೆಗೆಯುವಾಗ ಎರಡು ಗಾಯಗಳ ನಡುವೆ ಆ ಚರ್ಮದ ಪಟ್ಟಿಯನ್ನು ಉಳಿಸಲೇಬೇಕು. 1937ರಲ್ಲಿ ಶಸ್ತ್ರವೈದ್ಯರಾದ ಮಿಲಿಗನ್ ಮತ್ತು ಮಾರ್ಗನ್ ವಿವರಿಸಿದ ಪೈಲ್ಸ್ ಶಸ್ತ್ರಚಿಕಿತ್ಸೆಯ ವಿಧಾನದಲ್ಲೂ ಈ ಪಟ್ಟಿಗಳಿಗೆ ಮಹತ್ವವಿದೆ. 1882ರಲ್ಲಿ ಶಸ್ತ್ರವೈದ್ಯ ವೈಟ್‌ಹೆಡ್ ಹೇಳಿದ, ಸುತ್ತಲೂ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಈ ತೊಂದರೆಗೇ ಕುಖ್ಯಾತವಾಯಿತು. ಚರ್ಮ ಹೋದ ಜಾಗವನ್ನು ಗಾಯದ ಗಡಸು ಅಂಗಾಂಶ ತುಂಬುತ್ತದೆ. ಅದು ಹಿಗ್ಗುವುದಿಲ್ಲ, ಕುಗ್ಗುತ್ತಲೇ ಹೋಗುತ್ತದೆ.

ಅಂದರೆ ಇದು ಚರ್ಮದ ಕೊರತೆ. ಹಿಗ್ಗಿಸಿದ ಮಾತ್ರಕ್ಕೆ ಇಲ್ಲದ ಚರ್ಮ ಬರುವುದಿಲ್ಲ.

ನೋವಿನಿಂದ ಬಿಗಿದುಕೊಂಡ ಸ್ನಾಯುವೂ ದ್ವಾರವನ್ನು ಕಿರಿದಾಗಿ ತೋರಿಸಬಹುದು. ಅರಿವಳಿಕೆ ಕೊಟ್ಟಾಗ ಆ ಬಿಗಿತ ಸಡಿಲವಾಗುತ್ತದೆ, ಗಾಯದ ಬಿಗಿತ ಹಾಗೆಯೇ ಉಳಿಯುತ್ತದೆ. ಹಾಗಾಗಿ ಬೆರಳಿನ ಪರೀಕ್ಷೆ ಸಹಿಸಲಾಗದವರನ್ನು ಅರಿವಳಿಕೆಯಲ್ಲಿ ನೋಡುವುದೇ ಸರಿ. ಅನುಮಾನಾಸ್ಪದ ಗಂಟು ಅಥವಾ ಹುಣ್ಣು ಕಂಡರೆ ಬಯಾಪ್ಸಿಯೂ (ಚೂರು ತೆಗೆದು ಪರೀಕ್ಷಿಸುವುದು) ಬೇಕು.

ಸಂಕೋಚ ಅಲ್ಪವಾಗಿದ್ದರೆ ನಾರಿನಂಶ, ಸಾಕಷ್ಟು ನೀರು, ಮಲ ಮೆದುವಾಗಿಸುವ ಔಷಧ, ವೈದ್ಯರು ಕಲಿಸಿದಂತೆ ನಿಧಾನವಾಗಿ ಹಿಗ್ಗಿಸುವುದು ಸಾಕಾಗಬಹುದು. ನೋವಿಗೆ ಹೆದರಿ ದಿನವೂ ಭೇದಿಯ ಮಾತ್ರೆ ನುಂಗಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಮೆತ್ತಗಿದ್ದರೂ ರೂಪವಿರುವ ಮಲವೇ ದ್ವಾರವನ್ನು ದಿನವೂ ಹಿಗ್ಗಿಸುತ್ತದೆ; ನೀರಾದ ಮಲಕ್ಕೆ ಆ ಶಕ್ತಿಯಿಲ್ಲ. ಅರಿವಳಿಕೆ ಕೊಟ್ಟು ಬಲವಂತವಾಗಿ ಅಗಲಿಸುವುದನ್ನಂತೂ ನಾನು ಒಪ್ಪುವುದಿಲ್ಲ. ಸ್ನಾಯು ಹರಿದರೆ ವಾಯು, ಮಲದ ಮೇಲಿನ ಹಿಡಿತ ತಪ್ಪಬಹುದು, ಹರಿದ ಕಡೆ ಮತ್ತೆ ಗಾಯದ ಗಡಸೇ ಬೆಳೆಯುತ್ತದೆ.

ತೀವ್ರ ಸಂಕೋಚಕ್ಕೆ ಸರಿಯಾದ ಪರಿಹಾರ ಅನೋಪ್ಲಾಸ್ಟಿ, ಅಂದರೆ ಪಕ್ಕದ ಚರ್ಮ ತಂದು ದ್ವಾರವನ್ನು ಅಗಲಿಸುವ ಶಸ್ತ್ರಚಿಕಿತ್ಸೆ. ಗಡಸು ಭಾಗವನ್ನು ಸೀಳಿ ಬಿಡಿಸುತ್ತೇವೆ. ದ್ವಾರವನ್ನು ಮುಚ್ಚಿಡುವ ಒಳಸ್ನಾಯುವೂ ಬಿಗಿಯಾಗಿದ್ದರೆ ಅದನ್ನು ಪಕ್ಕದಲ್ಲಿ ಸ್ವಲ್ಪವೇ ಕತ್ತರಿಸುತ್ತೇವೆ. ಬಳಿಕ ದ್ವಾರದ ಪಕ್ಕದ ಚರ್ಮದ ತುಂಡನ್ನು ಸುತ್ತಲೂ ಗುರುತಿಸಿ ಕತ್ತರಿಸಿದರೂ, ಕೆಳಗಿನ ಕೊಬ್ಬಿನಿಂದ ಬೇರ್ಪಡಿಸುವುದಿಲ್ಲ. ಅದಕ್ಕೆ ರಕ್ತ ಬರುವುದೇ ಅಲ್ಲಿಂದ. ಕೊಬ್ಬಿನ ಸಮೇತ ಅದನ್ನು ಒಳಕ್ಕೆ ಸರಿಸಿ, ಒಳಪೊರೆಗೆ ಹೊಲಿಯುತ್ತೇವೆ. ಎಳೆದು ಹೊಲಿದರೆ ರಕ್ತಸಂಚಾರ ನಿಂತು ತುಂಡು ಸಾಯುತ್ತದೆ, ಸಂಕೋಚ ಮರಳುತ್ತದೆ. ತುಂಡಿನ ಆಕಾರವೂ ಮುಖ್ಯ: ಇಂಗ್ಲಿಷಿನ Y ಆಕಾರದಲ್ಲಿ ಕತ್ತರಿಸಿ V ಆಕಾರದಲ್ಲಿ ಹೊಲಿಯುವ, ಚೂಪಾದ ತುದಿ ಒಳಗೆ ಹೋಗುವ ವೈ-ವಿ ವಿಧಾನದಲ್ಲಿ ಆ ತುದಿಗೆ ರಕ್ತ ಸಾಲದೆ ಹೋಗುವ ಅಪಾಯವಿದೆ. ಸಂಕೋಚ ಉದ್ದಕ್ಕೂ ಇದ್ದಾಗ ವಜ್ರದ ಅಥವಾ ಮನೆಯ ಆಕಾರದ ಅಗಲ ತುಂಡನ್ನೇ ನಾನು ಆರಿಸುತ್ತೇನೆ. ಒಂದು ಬದಿ ಸಾಲದಿದ್ದರೆ ಎರಡೂ ಬದಿಯಿಂದ ಚರ್ಮ ತರಬೇಕಾಗುತ್ತದೆ.

ನಂತರ ಹೊಲಿಗೆ ಅಲ್ಲಲ್ಲಿ ಬಿಟ್ಟುಕೊಳ್ಳುವುದುಂಟು. ಸಣ್ಣ ಬಿರುಕುಗಳು ಸಾಮಾನ್ಯವಾಗಿ ತಾವೇ ಮಾಯುತ್ತವೆ. ಆದರೆ ಜ್ವರ, ಹೆಚ್ಚುವ ನೋವು, ಕೀವು ಕಂಡರೆ ಅಥವಾ ತುಂಡು ಕಪ್ಪಾದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.