ಬೆಳಗಾವಿಯ ಮಿಸೊಪ್ರೊಸ್ಟಾಲ್ ಟ್ರಯಲ್: ಸಂಶೋಧನಾ ನೀತಿಗೆ ಒಂದು ಓದು

2019ರ ಬ್ಯಾಚ್‌ನಿಂದ ಎಂಬಿಬಿಎಸ್‌ನಲ್ಲಿ ಏಟ್‌ಕಾಮ್ ಇದೆ. ನಡವಳಿಕೆ, ನೀತಿ, ಸಂವಹನ ಮೂರನ್ನೂ ಸೇರಿಸಿ ಕಲಿಸುವ ಪಾಠ. ಸಂಶೋಧನೆಯ ನೀತಿಗೆ ಬಂದರೆ ನಾವು ಓದೋದು ಜಾಸ್ತಿ ಹಗರಣಗಳನ್ನೇ. ಆಕ್ಲೆಂಡ್‌ನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯದು ಅಂಥದ್ದು. ಅಲ್ಲಿ 1966ರಿಂದ ಗರ್ಭಕೊರಳಿನ ಕ್ಯಾನ್ಸರ್‌ನ ಪೂರ್ವ ಹಂತದಲ್ಲಿದ್ದ ಕೆಲವು ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ ಸುಮ್ನೆ ಗಮನಿಸುತ್ತಾ ಹೋದರು. ತಾವು ಒಂದು ಅಧ್ಯಯನದಲ್ಲಿದ್ದೇವೆ ಅನ್ನೋದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. 1984ರಲ್ಲಿ ಅದೇ ಆಸ್ಪತ್ರೆಯ ಕೆಲವು ವೈದ್ಯರು ಇದರ ಲೆಕ್ಕವನ್ನು ಬಯಲಿಗೆ ತಂದರು. ಸ್ಮಿಯರ್ (ಗರ್ಭಕೊರಳಿನ ಜೀವಕೋಶಗಳ ಪರೀಕ್ಷೆ) ಸರಿಹೋಗದೆ ಉಳಿದಿದ್ದ 131 ಮಂದಿಯಲ್ಲಿ ಶೇ. 22ರಷ್ಟು ಜನರಿಗೆ ಒಳಗೆ ಹರಡುವ ಕ್ಯಾನ್ಸರ್ ಆಗಿತ್ತು. ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ತನಿಖಾ ವರದಿ 1988ರಲ್ಲಿ ಬಂತು.

ಇದನ್ನು ಓದಲೇಬೇಕು. ಆದರೆ ತಪ್ಪು ಯಾರದ್ದು ಅಂತ ಇಲ್ಲಿ ಯಾರಿಗೂ ಅನುಮಾನವಿಲ್ಲ, ವಾದಕ್ಕೆ ಜಾಗವೇ ಇಲ್ಲ. ನನ್ನ ಪ್ರಕಾರ ತಲೆ ಕೆಡಿಸುವ ಉದಾಹರಣೆ ನಮ್ಮ ಬೆಳಗಾವಿಯದೇ. ಅಲ್ಲಿ ಕೆಟ್ಟ ಉದ್ದೇಶದವರು ಯಾರೂ ಇಲ್ಲ. ಪ್ರಶ್ನೆ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ.

ಮೊದಲು ಏನು ನಡೆಯಿತು ಅಂತ ನೋಡೋಣ. ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ಆಗಲೇ ಮಾಸು ಬಿಟ್ಟ ಜಾಗದ ರಕ್ತನಾಳಗಳು ಮುಚ್ಚಿಕೊಳ್ಳೋದು. ಕುಗ್ಗದಿದ್ದರೆ ರಕ್ತ ಹರಿಯುತ್ತಲೇ ಇರುತ್ತದೆ. 500 ಮಿಲಿ ದಾಟಿದರೆ ಹೆರಿಗೆ ನಂತರದ ರಕ್ತಸ್ರಾವ, 1000 ದಾಟಿದರೆ ತೀವ್ರ. ತಡೆಯಲು ಆಸ್ಪತ್ರೆಯಲ್ಲಿ ಆಕ್ಸಿಟೋಸಿನ್ ಚುಚ್ಚುಮದ್ದು ಇದೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಚುಚ್ಚಲು ಬರುವವರು ಬೇಕು. ಆಗ ಹಳ್ಳಿಯ ಮನೆಹೆರಿಗೆಗೆ ಹೋಗುತ್ತಿದ್ದ ಸರ್ಕಾರಿ ದಾದಿ, ಅಂದರೆ ಎಎನ್‌ಎಂ ಸಿಸ್ಟರ್ ಕೈಯಲ್ಲಿ ಇಂಥದ್ದೇನೂ ಇರಲಿಲ್ಲ. ಮಾಸು ತಾನಾಗಿ ಬೀಳಲಿ ಅಂತ ಕಾಯೋದೇ ರೂಢಿ.

ಗರ್ಭಕೋಶವನ್ನು ಕುಗ್ಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ ಬೇಡ, ಸೂಜಿಯೂ ಬೇಡ. ಹಾಗಾಗಿ ಸೆಪ್ಟೆಂಬರ್ 2002ರಿಂದ ಡಿಸೆಂಬರ್ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಟ್ರಯಲ್ ನಡೆಸಿದರು. ಒಟ್ಟು 1620 ಹೆಂಗಸರು, ಹೆರಿಗೆ ಮಾಡಿಸಿದ್ದು 25 ಎಎನ್‌ಎಂಗಳು. ಮಗು ಹುಟ್ಟಿದ ಕೂಡಲೇ 812 ಜನರಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, 808 ಜನರಿಗೆ ನೋಡೋಕೆ ಹಾಗೇ ಇರುವ, ಔಷಧವಿಲ್ಲದ ಮಾತ್ರೆ ಕೊಟ್ಟರು. ಅದೇ ಪ್ಲಸೀಬೊ.

ರಕ್ತ ಅಳೆದ ರೀತಿಯನ್ನು ಗಮನಿಸಿ. ಬಾಣಂತಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅದರ ತುದಿ ಲಾಳಿಕೆಯ ಹಾಗೆ ಚೀಲವಾಗಿ ಇಳಿದಿರುತ್ತದೆ, ಮೇಲೆ ಮಿಲಿ ಗೆರೆಗಳು. ರಕ್ತ ಅದರಲ್ಲೇ ಸೇರುತ್ತದೆ, ಗೆರೆ ನೋಡಿ ಬರೆದುಕೊಂಡರೆ ಆಯಿತು. ಇಷ್ಟೇ ಸಾಧನ, ಆದರೆ ಸಣ್ಣದಲ್ಲ. ಕಣ್ಣಂದಾಜು ಈ ಅಳತೆಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳುತ್ತದೆ ಅಂತ ಬೆಳಗಾವಿಯಲ್ಲೇ ಇನ್ನೊಂದು ಅಧ್ಯಯನ ತೋರಿಸಿತು. 500 ಮಿಲಿ ಹೋದಾಗ "ಏನಿಲ್ಲ, ಸ್ವಲ್ಪ ಹೋಗಿದೆ" ಅನ್ನೋದು ಹೀಗೇ.

2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಪ್ಲಸೀಬೊ ಗುಂಪಿನಲ್ಲಿ ರಕ್ತಸ್ರಾವ ಶೇ. 12, ಮಾತ್ರೆ ಗುಂಪಿನಲ್ಲಿ ಶೇ. 6.4. ತೀವ್ರ ರಕ್ತಸ್ರಾವ ಶೇ. 1.2ರಿಂದ 0.2ಕ್ಕೆ ಇಳಿಯಿತು. ವೈವಾದಲ್ಲಿ ಕೇಳುವ ಲೆಕ್ಕ ಇದು: 12ರಲ್ಲಿ 6.4 ಕಳೆದರೆ 5.6. ನೂರನ್ನು 5.6ರಿಂದ ಭಾಗಿಸಿದರೆ ಸುಮಾರು 18. ಅಂದರೆ 18 ಜನರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. ಅಡ್ಡಪರಿಣಾಮ ಚಳಿ, ಜ್ವರ. ಬಂದು ಹೋಗುವಂಥದ್ದು.

ಈಗ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಮಾಡಿ. 808ರಲ್ಲಿ ಶೇ. 12 ಅಂದರೆ ಸುಮಾರು 97 ಹೆಂಗಸರು. ಮಾತ್ರೆ ಸಿಕ್ಕಿದ್ದರೆ ಇವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹಾಗಾಗುತ್ತಿರಲಿಲ್ಲ. ಪ್ಲಸೀಬೊ ಕೊಟ್ಟಿದ್ದು ಸರೀನಾ?

ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ಜಗತ್ತಿನ ವೈದ್ಯರು ಒಪ್ಪಿದ ನೀತಿಸೂತ್ರ ಹೆಲ್ಸಿಂಕಿ ಘೋಷಣೆ. ಅದು ಪ್ಲಸೀಬೊಗೆ ಎರಡು ದಾರಿ ಬಿಡುತ್ತದೆ. ಒಂದು, ಸಾಬೀತಾದ ಚಿಕಿತ್ಸೆಯೇ ಇಲ್ಲದಿದ್ದಾಗ. ಇನ್ನೊಂದು, ವೈಜ್ಞಾನಿಕವಾಗಿ ಬಲವಾದ ಕಾರಣ ಇದ್ದು, ಭಾರಿ ಅಪಾಯ ಹೆಚ್ಚದಿದ್ದಾಗ. ಎರಡನ್ನೂ ಬಿಗಿಯಾಗಿ ಓದಿದರೆ ಬೆಳಗಾವಿಗೆ ಕಷ್ಟ. ಆಕ್ಸಿಟೋಸಿನ್ ಸಾಬೀತಾಗಿತ್ತು, ರಕ್ತಸ್ರಾವದಿಂದ ಜೀವವೇ ಹೋಗಬಹುದು. ಟೀಕಿಸುವವರು ಇನ್ನೂ ಒಂದು ಮಾತು ಸೇರಿಸುತ್ತಾರೆ: ಸರ್ಕಾರಿ ವ್ಯವಸ್ಥೆಯ ಕೊರತೆಯನ್ನೇ ಅಳತೆಗೋಲು ಮಾಡಿಕೊಂಡರೆ ಬಡವರ ಊರುಗಳಲ್ಲಿ ಯಾವ ಪ್ಲಸೀಬೊ ಟ್ರಯಲ್ಲೂ ಸರಿ ಅನಿಸಿಬಿಡುತ್ತದೆ. ಮಾತು ತೂಕದ್ದೇ.

ಆ ಕಡೆಯವರ ವಾದವೂ ಹಗುರವಲ್ಲ. ಆ ಹಳ್ಳಿಯಲ್ಲಿ, ಆ ಸಿಸ್ಟರ್ ಕೈಯಲ್ಲಿ ಆಕ್ಸಿಟೋಸಿನ್ ಇರಲೇ ಇಲ್ಲ. ಇದ್ದದ್ದನ್ನು ಯಾರಿಂದಲೂ ಕಿತ್ತುಕೊಂಡಿಲ್ಲ. ಇನ್ನು ಚಳಿ, ಜ್ವರದಂಥ ತೊಂದರೆಗಳಲ್ಲಿ ಔಷಧದ್ದೆಷ್ಟು, ಹೆರಿಗೆಯದ್ದೆಷ್ಟು ಅಂತ ಬೇರ್ಪಡಿಸಲು ಹೋಲಿಕೆಯ ಗುಂಪು ಬೇಕೇ ಬೇಕು. ಎರಡೂ ಗುಂಪುಗಳಲ್ಲಿ ಕಾಲ ಕಳೆದಂತೆ ರಕ್ತಸ್ರಾವ ಕಡಿಮೆಯಾಗಿತ್ತು ಅನ್ನೋದನ್ನೂ ಮರೆಯಬೇಡಿ. ಪ್ಲಸೀಬೊ ಗುಂಪು ಇಲ್ಲದಿದ್ದರೆ ಆ ಇಳಿಕೆಯನ್ನೂ ಮಾತ್ರೆಯ ಖಾತೆಗೇ ಹಾಕಿಬಿಡುತ್ತಿದ್ದೆವು, ಅಲ್ವಾ?

ನಾನು ಒಪ್ಪುವ ಕಡೆಯೇ ಇದ್ದೇನೆ, ಆದರೆ ಷರತ್ತಿನ ಮೇಲೆ. ರಕ್ತ ಜಾಸ್ತಿಯಾದರೆ ಸಾಗಿಸಲು ಗಾಡಿ ತಯಾರಿರಬೇಕು, ಟ್ರಯಲ್ ಮುಗಿದ ಮೇಲೆ ಔಷಧ ಅದೇ ಊರಿಗೆ ಸಿಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದನ್ನು ಈ ಬಳಕೆಗೆ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರೋದು ಬೇರೆ, ಉಪಕೇಂದ್ರದ ಕಪಾಟಿಗೆ ಬರೋದು ಬೇರೆ.

ಇನ್ನು ಒಪ್ಪಿಗೆ. ನೋವು ಶುರುವಾದ ಮೇಲೆ ಕಾಗದ ಹಿಡಿದು ನಿಂತರೆ ಅದು ಒಪ್ಪಿಗೆಯಲ್ಲ. ಬಸುರಿನ ತಪಾಸಣೆಗೆ ಬಂದಾಗಲೇ ಮಾತಾಡಬೇಕು, ಹೆರಿಗೆ ಹೊತ್ತಿಗೆ ಮತ್ತೊಮ್ಮೆ ಕೇಳಬೇಕು. ಓದು ಬಾರದವರಾದರೆ ಹೆಬ್ಬೆಟ್ಟು ಸಾಲದು, ತಂಡದವರಲ್ಲದ ಸಾಕ್ಷಿ ಪಕ್ಕದಲ್ಲಿರಬೇಕು. ಗಂಡ, ಅತ್ತೆ ಹೂಂ ಅಂದರೆ ಆಕೆ ಹೂಂ ಅಂದ ಹಾಗಲ್ಲ. ಏಟ್‌ಕಾಮ್ ರೋಲ್‌ಪ್ಲೇಯಲ್ಲಿ "ದ್ವಿಮುಖ ಅಜ್ಞಾತ ಅಧ್ಯಯನ" ಅಂತೆಲ್ಲ ಶುರು ಮಾಡಬೇಡಿ. ಬೆಳಗಾವಿ ಕಡೆಯ ಸಿಸ್ಟರ್ ಆಗಿ ಹೀಗೆ ಹೇಳಿ ನೋಡಿ:

"ಅಕ್ಕಾ, ಎರಡು ನಮೂನಿ ಗುಳಿಗಿ ಅದಾವು. ಒಂದರಾಗ ಔಷಧ ಐತಿ, ಇನ್ನೊಂದರಾಗ ಇಲ್ಲ. ನಿಮಗ ಯಾವುದು ಬರತೈತಿ ಅಂತ ನನಗೂ ಗೊತ್ತಾಗೂದಿಲ್ಲ. ಔಷಧದ್ದು ಬಂದ್ರ ಚಳಿ, ಜ್ವರ ಬರಬಹುದು. ನೀವು ಬ್ಯಾಡ ಅಂದ್ರೂ ಹೆರಿಗಿ ನಾನೇ ಮಾಡಸ್ತೀನಿ, ಅದರಾಗ ಏನೂ ಫರಕ್ ಇಲ್ಲ."

ಇಷ್ಟರಲ್ಲಿ ಪ್ಲಸೀಬೊ, ಬ್ಲೈಂಡಿಂಗ್ (ಯಾವ ಮಾತ್ರೆ ಅಂತ ಕೊಡುವವರಿಗೂ ಗೊತ್ತಿಲ್ಲದಿರೋದು), ಅಪಾಯ, ನಿರಾಕರಿಸುವ ಹಕ್ಕು ನಾಲ್ಕೂ ಬಂದವು. ರಕ್ತ ಜಾಸ್ತಿ ಹೋದರೆ ಏನು ಮಾಡ್ತೀರಿ ಅನ್ನೋದು ಇದರಲ್ಲಿಲ್ಲ. ರೋಲ್‌ಪ್ಲೇಯಲ್ಲಿ ಅದನ್ನು ನೀವು ಸೇರಿಸಿ.

ಜೊತೆಗೆ 2018ರ ಚಾಂಪಿಯನ್ ಟ್ರಯಲ್ ಓದಿಕೊಳ್ಳಿ. ಭಾರತವೂ ಸೇರಿ 10 ದೇಶಗಳು, ಹತ್ತಿರ ಹತ್ತಿರ 30,000 ಹೆಂಗಸರು. ಬಿಸಿ ತಾಳುವ ಕಾರ್ಬೆಟೋಸಿನ್ ಅನ್ನೋ ಚುಚ್ಚುಮದ್ದನ್ನು ಅಲ್ಲಿ ಹೋಲಿಸಿದ್ದು ಆಕ್ಸಿಟೋಸಿನ್ ಜೊತೆ. ನಡೆದಿದ್ದು ಆಸ್ಪತ್ರೆಗಳಲ್ಲಿ, ಅಲ್ಲಿ ಆಕ್ಸಿಟೋಸಿನ್ ಇತ್ತು. ಹಾಗಾಗಿ ಪ್ಲಸೀಬೊ ಕೊಡುವ ಮಾತೇ ಬರಲಿಲ್ಲ.