ಕೊಚ್ಚುವ ಮೊದಲು ಹೊರೆ ಕಟ್ಟಿದರೆ?

ಜನವರಿಯಲ್ಲಿ ಕೊಡಗಿನ ಪೊನ್ನಂಪೇಟೆ ಕಡೆಯ ಗದ್ದೆಗಳಲ್ಲಿ ಕೊಯ್ಲು ಮುಗಿದ ಮೇಲೆ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಸಿದ ಬೇಲರ್ ಓಡಾಡುತ್ತದೆ. ಚೆಲ್ಲಿದ ಹುಲ್ಲನ್ನು ಬಾಚಿ ನುಂಗಿ, ಹಗ್ಗ ಸುತ್ತಿ, ಒಂದೊಂದೇ ಉರುಳೆಯನ್ನು ಹಿಂದೆ ಬಿಟ್ಟು ಹೋಗುತ್ತದೆ. ಗದ್ದೆಯ ಪಕ್ಕದ ಏರು ಹತ್ತಿದರೆ ಕಾಫಿ ತೋಟ. ಅಲ್ಲಿ ಮರ ಕಪಾತು ಮಾಡಿ ಬೀಳಿಸಿದ ಸಿಲ್ವರ್ ಓಕ್, ಹಲಸು, ಹಾಲುವಾಣದ ರೆಂಬೆಗಳ ಗುಡ್ಡೆಗಳು. ದಪ್ಪ ಸೌದೆ ತೋಟದ ಕೆಲಸಗಾರರ ಲೈನ್ ಮನೆಗಳ ಒಲೆಗೆ ಹೋಗಿರುತ್ತದೆ, ಕೈಬೆರಳಿನಿಂದ ಮುಂಗೈಯಷ್ಟು ದಪ್ಪದ್ದು ಯಾರಿಗೂ ಬೇಡವಾಗಿ ಬಿದ್ದಿರುತ್ತದೆ. "ಅಣ್ಣ, ಹುಲ್ಲು ಕಟ್ಟೋ ಮೆಷಿನ್ನಿಗೆ ಇದನ್ನ ಕೊಟ್ರೆ ಏನಾಗ್ತದೆ?" ಎಂದು ತೋಟದ ಕೆಲಸಕ್ಕೆ ಬರುವ ಹುಡುಗನೊಬ್ಬ ಕೇಳಿದ. ಮೆಷಿನ್ ಮುರಿಯುತ್ತದೆ ಎಂದು ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಗಟ್ಟಿ ಮೆಷಿನ್ ಇದ್ದರೆ ಮುರಿಯುವುದಿಲ್ಲ, ಮತ್ತು ಅಂಥದ್ದನ್ನು ಮಾಡಿ ದಶಕಗಳೇ ಆಗಿವೆ.

ರೆಂಬೆ ಗುಡ್ಡೆಯ ತೊಂದರೆ ಏನೆಂದರೆ, ಅದರೊಳಗೆ ಮರಕ್ಕಿಂತ ಗಾಳಿಯೇ ಹೆಚ್ಚು. ಸಡಿಲವಾಗಿ ಪೇರಿಸಿದ ರೆಂಬೆಗಳಲ್ಲಿ ನಿಜವಾದ ಮರ ಐದರಲ್ಲಿ ಒಂದು ಪಾಲೂ ಇರುವುದು ಕಷ್ಟ. ಲಾರಿಗೆ ತುಂಬಿದರೆ ತೂಕ ಏರುವ ಮೊದಲೇ ಜಾಗ ಮುಗಿಯುತ್ತದೆ, ಡೀಸೆಲ್ ಸುಟ್ಟು ಗಾಳಿ ಸಾಗಿಸಿದಂತೆ. ಕೊಡಗಿಗೆ ರೈಲು ಹಳಿಯೂ ಇಲ್ಲ. ಹೊರಗೆ ಹೋಗುವುದೆಲ್ಲ ಕುಶಾಲನಗರದ ದಾರಿಯಲ್ಲೋ, ಸಂಪಾಜೆ ಘಾಟಿಯಲ್ಲೋ ಲಾರಿಯಲ್ಲೇ ಹೋಗಬೇಕು. ಹಾಗಾಗಿ ಇದನ್ನು ಉರುವಲಾಗಿ ಮಾರುವ ಮಾತೆತ್ತಿದರೆ ಮೊದಲ ಸಲಹೆ ಒಂದೇ: ಅಲ್ಲೇ ಚಿಪ್ಪರ್ ಇಟ್ಟು ಕೊಚ್ಚಿ, ಚೂರು ಮಾಡಿ ಕಳಿಸಿ. ಚೂರು ಮಾಡಿದರೆ ಜಾಗದ ಸುಮಾರು ಶೇಕಡಾ ನಲವತ್ತು ಪಾಲು ಮರವೇ ತುಂಬುತ್ತದೆ, ನಿಜ.

ನಾನೂ ಒಮ್ಮೆ ಬಾಡಿಗೆಗೆ ಚಿಪ್ಪರ್ ತರಿಸಿದ್ದೆ. ಮೊದಲ ದಿನ ಲಾರಿ ಬರಲಿಲ್ಲ, ಚಿಪ್ಪರ್ ಸುಮ್ಮನೆ ನಿಂತಿತು. ಎರಡನೆಯ ದಿನ ಲಾರಿ ಬಂತು. ಆದರೆ ಹಳೆಯ ಬೇಲಿಗಂಬವಾಗಿದ್ದ ಮರದೊಳಗೆ ಹುದುಗಿದ್ದ ಮುಳ್ಳುತಂತಿ ಸಿಕ್ಕಿ ಬ್ಲೇಡ್ ಹಲ್ಲು ಕಿತ್ತಿತು, ಈ ಸಲ ಲಾರಿ ಕಾಯುತ್ತ ನಿಂತಿತು. ಬಾಡಿಗೆ ಎರಡಕ್ಕೂ ನಾನೇ ಕೊಟ್ಟೆ. ಇದು ನನ್ನೊಬ್ಬನ ಗ್ರಹಚಾರವಲ್ಲ, ಪದ್ಧತಿಯ ದೋಷವೇ. ಸ್ಥಳದಲ್ಲೇ ಕೊಚ್ಚಿ ಲಾರಿಗೆ ಊದುವಾಗ ಎರಡು ಯಂತ್ರಗಳೂ ಒಂದಕ್ಕೊಂದು ಗಂಟುಬಿದ್ದಿರುತ್ತವೆ. ಮಣ್ಣು, ಕಲ್ಲು, ತಂತಿ ಯಾವುದು ಸಿಕ್ಕರೂ ಚೂಪು ಬ್ಲೇಡಿಗೆ ಶತ್ರುವೇ.

ಫಿನ್ಲೆಂಡಿನವರು ಈ ಗಂಟನ್ನು ಬಿಡಿಸಿದ್ದು ಕೊಚ್ಚುವುದನ್ನು ಮುಂದಕ್ಕೆ ಹಾಕಿ. ಸ್ವೀಡನ್ನಿನ ಫೈಬರ್‌ಪ್ಯಾಕ್ ಯಂತ್ರದಿಂದ ಬೆಳೆದ ಟಿಂಬರ್‌ಜ್ಯಾಕ್ 1490ಡಿ ಎಂಬ ದೈತ್ಯ, ಮರ ಕಡಿದ ಜಾಗದಲ್ಲಿ ಉಳಿದ ರೆಂಬೆ, ತುದಿಗಳನ್ನು ಎತ್ತಿ ಬಾಯಿಗಿಟ್ಟುಕೊಂಡು, ಸುತ್ತಲಿಂದ ಅದುಮಿ, ಹಗ್ಗ ಸುತ್ತಿ, ಸುಮಾರು 3 ಮೀಟರಿಗೊಂದರಂತೆ ಗರಗಸದಿಂದ ಕತ್ತರಿಸಿ ಹೊರಗೆ ಬಿಡುತ್ತದೆ. ಎರಡೂವರೆ ಅಡಿಯೊಳಗಿನ ವ್ಯಾಸ, ಅರ್ಧ ಟನ್ ಆಸುಪಾಸಿನ ತೂಕ. ನೋಡಲು ದಿಮ್ಮಿಯಂತೆಯೇ ಇರುವುದರಿಂದ ದಿಮ್ಮಿ ಸಾಗಿಸುವ ಲಾರಿಯೇ ಸಾಕು, ಬೇರೆ ಬಾಡಿ ಕಟ್ಟಿಸಬೇಕಿಲ್ಲ. ಅಂಥ ಒಂದು ಹೊರೆಯಲ್ಲಿ ಸುಮಾರು 1000 ಯೂನಿಟ್‌ನಷ್ಟು ಶಾಖಶಕ್ತಿ ಇರುತ್ತದೆ. ಪಿಯೆತರ್ಸಾರಿ ಊರಿನ 240 ಮೆಗಾವಾಟ್‌ನ ಆಲ್ಹೋಲ್ಮೆನ್ಸ್ ವಿದ್ಯುತ್ ಸ್ಥಾವರಕ್ಕೆ ಇಂಥ ಹೊರೆಗಳು ಹೋಗುತ್ತಿದ್ದವು. ಅವುಗಳನ್ನು ಚೂರು ಮಾಡುತ್ತಿದ್ದದ್ದು ಸ್ಥಾವರದ ಅಂಗಳದಲ್ಲೇ ಕೂತ ದೊಡ್ಡ ಯಂತ್ರ. ಅದು ಯಾರ ಲಾರಿಗೂ ಕಾಯಬೇಕಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಹುಲ್ಲಿನ ಬೇಲರನ್ನೇ ತಿದ್ದಿ, ನಿಂತ ಪೊದೆಯನ್ನು ಕತ್ತರಿಸುತ್ತಲೇ ಉರುಳೆ ಸುತ್ತುವ ಬಯೋಬೇಲರ್ ಮಾಡಿದ್ದಾರೆ. ನಮ್ಮ ಹುಡುಗನ ಪ್ರಶ್ನೆಗೆ ನೇರ ಉತ್ತರ ಅದು.

ಆದರೆ ಹೊರೆಯ ನಿಜವಾದ ಲಾಭ ಸಾಗಾಟದಲ್ಲಲ್ಲ, ಕಾಯುವುದರಲ್ಲಿದೆ ಎಂಬುದು ನನ್ನ ಎಣಿಕೆ. ಒಂದು ಮೀಟರ್ ಉದ್ದ, 5 ಸೆಂಟಿಮೀಟರ್ ದಪ್ಪದ ರೆಂಬೆ ತೆಗೆದುಕೊಳ್ಳಿ. ಅದನ್ನು 3 ಸೆಂಟಿಮೀಟರ್ ಉದ್ದ, 2 ಅಗಲ, ಅರ್ಧ ಸೆಂಟಿಮೀಟರ್ ದಪ್ಪದ ಚೂರುಗಳಾಗಿ ಕೊಚ್ಚಿದರೆ ಸುಮಾರು 650 ಚೂರು ಸಿಗುತ್ತವೆ. ಮೊದಲು ಹೊರಮೈ 0.16 ಚದರ ಮೀಟರ್ ಇತ್ತು, ಈಗ 1.1. ಗಾಳಿಗೂ ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಏಳು ಪಟ್ಟು ಬಾಗಿಲು ತೆರೆದಂತಾಯಿತು. ಅದೂ ಹಸಿ ಮರ, ಅರ್ಧ ತೂಕ ನೀರೇ. ಡಿಸೆಂಬರಿನ ಮುಂಜಾನೆ ಗೊಬ್ಬರ ಗುಂಡಿ ಕೆದಕಿದರೆ ಹಬೆ ಏಳುವುದನ್ನು ನೋಡಿದವರಿಗೆ ಮುಂದಿನದು ಹೇಳಬೇಕಿಲ್ಲ. ದೊಡ್ಡ ಚೂರಿನ ರಾಶಿಯ ಒಡಲು 60–70 ಡಿಗ್ರಿಗೆ ಏರುತ್ತದೆ. ಸೂಕ್ಷ್ಮಜೀವಿಗಳು ಅಷ್ಟರಲ್ಲಿ ಸೋತರೂ ರಾಸಾಯನಿಕ ಉತ್ಕರ್ಷಣ ಮುಂದುವರಿದು, ಕೆಲವೊಮ್ಮೆ ರಾಶಿ ತಾನಾಗಿ ಹೊತ್ತಿಕೊಂಡದ್ದೂ ಉಂಟು. ಹೊತ್ತಿಕೊಳ್ಳದಿದ್ದರೂ ಉರುವಲು ಒಳಗೊಳಗೇ ಕರಗುತ್ತದೆ, ತಿಂಗಳಿಗೆ ಶೇಕಡಾ ಒಂದರಿಂದ ನಾಲ್ಕರಷ್ಟು ಒಣ ಮರ ಹೋಗಬಹುದು. ಹೊರೆಯಲ್ಲಿ ತೊಗಟೆ ಹಾಗೇ ಇರುತ್ತದೆ, ಅರ್ಧದಷ್ಟು ಜಾಗ ಗಾಳಿಯಾಡುವ ಸಂದು. ಲಾರಿಯಲ್ಲಿ ಬೇಡವಾದ ಗಾಳಿ ಇಲ್ಲಿ ಬೇಕಾದ ಗಾಳಿ.

ಒಣಗಿದರೆ ಬರುವ ಲಾಭಕ್ಕೂ ಸುಲಭದ ಲೆಕ್ಕವಿದೆ. ಒಂದು ಟನ್ ಹಸಿ ಮರದಲ್ಲಿ 500 ಕಿಲೋ ನೀರು. ಅದನ್ನು ಸುಟ್ಟರೆ ನೀರು ಆವಿಯಾಗಲು ಬೇಕಾದದ್ದನ್ನು ಕಳೆದು ಸಿಗುವುದು ಸುಮಾರು 8300 ಮೆಗಾಜೂಲ್. ನೀರಿನಂಶ ಶೇಕಡಾ 30ಕ್ಕೆ ಇಳಿದರೆ ಅದೇ ಮರ 714 ಕಿಲೋ ತೂಗುತ್ತದೆ, ಶಾಖ ಮಾತ್ರ 9000ಕ್ಕೆ ಏರುತ್ತದೆ. ಬಿಸಿಲಿಗೆ ಕೂಲಿ ಕೊಡಬೇಕಿಲ್ಲ ನೋಡಿ.

ಬಿಸಿಲು ಇದ್ದರೆ. ಫಿನ್ಲೆಂಡಿನ ಪಾಠ ಕೊಡಗಿಗೆ ಬರುವಾಗ ಮುಗ್ಗರಿಸುವುದು ಇಲ್ಲಿ. ನಮ್ಮಲ್ಲಿ ಮರ ಕಪಾತು ಹೆಚ್ಚಾಗಿ ಮಳೆಗೆ ಮುಂಚೆ ನಡೆಯುತ್ತದೆ, ಗಿಡಕ್ಕೆ ಬೆಳಕು ಬೇಕೆಂದು. ಅಂದರೆ ರೆಂಬೆ ನೆಲಕ್ಕೆ ಬಿದ್ದ ಕೆಲವೇ ವಾರಗಳಲ್ಲಿ ಮುಂಗಾರು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಲ್ಲಿ ಬಯಲಲ್ಲಿಟ್ಟ ಹೊರೆ ಒಣಗುವುದಿಲ್ಲ, ಅಣಬೆ ಬೆಳೆಯುತ್ತದೆ. ಮಳೆ ನಿಂತರೆ ಗೆದ್ದಲು ಕಾದಿರುತ್ತದೆ. ಸಾಗಿಸಿಬಿಡೋಣವೆಂದರೆ, ಮಳೆಗಾಲದಲ್ಲಿ ರಸ್ತೆ ಕುಸಿಯದಿರಲೆಂದು ಮರ ಹೊತ್ತ ಭಾರಿ ಲಾರಿಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದು ಈಚಿನ ವರ್ಷಗಳಲ್ಲಿ ಮಾಮೂಲು. 2018ರ ಆಗಸ್ಟ್‌ನ ಭೂಕುಸಿತ ನೋಡಿದವರು ಅದನ್ನು ದೂರಲಾರರು. ಆದ್ದರಿಂದ ಮೇ ತಿಂಗಳ ರೆಂಬೆಗೆ ಹೊರೆಯ ಯೋಚನೆ ಬಿಡುವುದೇ ಲೇಸು. ಅದು ತೋಟದಲ್ಲೇ ಕೊಳೆತು ಮಣ್ಣಾಗಲಿ. ಬೇಕಿದ್ದರೆ ಚಿಪ್ಪರ್ ಹಾಕಿ ಗಿಡದ ಬುಡಕ್ಕೆ ಹರಡಿ, ಎಲ್ಲಿಗೂ ಸಾಗಿಸದಿದ್ದಾಗ ಸ್ಥಳದಲ್ಲೇ ಕೊಚ್ಚುವುದಕ್ಕಿಂತ ಒಳ್ಳೆಯದಿಲ್ಲ. ಹೊರೆ ಹೊಂದುವುದು ಜನವರಿಯಿಂದ ಮಾರ್ಚ್‌ವರೆಗಿನ ಮರಕ್ಕೆ: ಕಡಿದ ಸಿಲ್ವರ್ ಓಕ್‌ನ ತುದಿ, ತೇಗದ ನೆಡುತೋಪಿನಲ್ಲಿ ತೆಳುವು ಮಾಡಿದಾಗ ಉಳಿಯುವ ಕೊಂಬೆ, ಕಿತ್ತು ಹಾಕಿದ ಹಳೆಯ ರೊಬಸ್ಟಾ ಕಾಫಿ ಗಿಡ. ಕುಶಾಲನಗರದ ಬದಿಯ ಒಣ ಸೀಮೆಯಲ್ಲಿ ಇನ್ನೂ ಅನುಕೂಲ.

ಎಲೆಯನ್ನು ಮಾತ್ರ ಕಟ್ಟಬಾರದು. ಮರದ ಸಾರಜನಕ, ರಂಜಕ, ಪೊಟ್ಯಾಷ್ ಎಲೆಯಲ್ಲೂ ಎಳೆ ಕಡ್ಡಿಯಲ್ಲೂ ಅದರ ತೂಕಕ್ಕೆ ಮೀರಿ ಇರುತ್ತವೆ. ಹಾಲುವಾಣದ ಬೇರು ಗಾಳಿಯಿಂದ ಹಿಡಿದ ಸಾರಜನಕವನ್ನು ಹೊರೆ ಕಟ್ಟಿ ಮಾರಿ, ಆ ದುಡ್ಡಿನಲ್ಲಿ ಯೂರಿಯಾ ಚೀಲ ತರುವುದು ಯಾವ ಜಾಣತನ? ಕಡಿದ ರೆಂಬೆಯನ್ನು ಮೂರು ನಾಲ್ಕು ವಾರ ಹಾಗೇ ಬಿಟ್ಟರೆ ಎಲೆ ತಾನಾಗಿ ಉದುರುತ್ತದೆ. ಆದರೆ ತೀರಾ ಒಣಗಲು ಬಿಟ್ಟರೂ ಕಷ್ಟ. ಹಸಿ ಕಡ್ಡಿ ಬಾಗುತ್ತದೆ, ಒಣಗಿದ ಮೇಲೆ ಆ ಬಾಗನ್ನೇ ಉಳಿಸಿಕೊಳ್ಳುತ್ತದೆ. ಒಣ ಕಡ್ಡಿ ಬಾಗುವುದಿಲ್ಲ, ಚಿಮ್ಮುತ್ತದೆ ಅಥವಾ ಲಟಕ್ಕೆಂದು ಮುರಿಯುತ್ತದೆ. ಬುಟ್ಟಿ ಹೆಣೆಯುವವರಿಗೆ ಇದು ಗೊತ್ತು.

1490ಡಿ ನಮ್ಮ ತೋಟಕ್ಕೆ ಬರಲಾರದು. ಆರಡಿಗೊಂದು ಅರೇಬಿಕಾ ಗಿಡವಿರುವ ಇಳಿಜಾರಿನಲ್ಲಿ ಅದು ಆನೆಗಿಂತ ಹೆಚ್ಚು ಹಾನಿ ಮಾಡೀತು, ಆನೆಯಾದರೂ ಹಲಸು ತಿಂದು ಹೋಗುತ್ತದೆ. ಬೇಕಾದದ್ದು ಜೀಪ್ ರಸ್ತೆಯ ಅಂಚಿನಲ್ಲಿ ನಿಂತು ಕೆಲಸ ಮಾಡುವ, ಎಳೆದೊಯ್ಯಬಹುದಾದ ಸಣ್ಣ ಯಂತ್ರ. ಅಮೆರಿಕದ ಫಾರೆಸ್ಟ್ ಕಾನ್ಸೆಪ್ಟ್ಸ್ ಎಂಬ ಕಂಪನಿ ಇಂಥ ಚೌಕ ಹೊರೆಯ ಬೇಲರ್ ಮಾಡಿದೆ. ಚೌಕವಾದ್ದರಿಂದ ಸಾಮಾನ್ಯ ಲಾರಿಯಲ್ಲಿ ಇಟ್ಟಿಗೆಯಂತೆ ಪೇರಿಸಬಹುದು. ನಾಗರಹೊಳೆಯ ಒಣ ಬಿದಿರು, ಲಂಟಾನವನ್ನೂ ಕಟ್ಟಿ ತರಬಹುದಲ್ಲ, ಕಾಳ್ಗಿಚ್ಚಾದರೂ ತಪ್ಪೀತು ಎಂದು ಕೇಳುವವರಿದ್ದಾರೆ. ಅಷ್ಟು ಸಲೀಸಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಬಿದ್ದ ಮರವನ್ನೂ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರವರಿಯಲ್ಲೇ ಆದೇಶಿಸಿದೆ.

ಇನ್ನೊಂದು ಎಚ್ಚರಿಕೆ ಅರೇಬಿಕಾದವರಿಗೆ. ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ಹೊರೆ ಕಟ್ಟಿ ಇಟ್ಟರೆ, ಹುಳು ಒಳಗೆ ಬೆಚ್ಚಗೆ ಬೆಳೆದು ಏಪ್ರಿಲ್‌ನಲ್ಲಿ ದುಂಬಿಯಾಗಿ ಹಾರಿ ಪಕ್ಕದ ತೋಟಕ್ಕೂ ಹೋಗುತ್ತದೆ. ಅದನ್ನು ಕಿತ್ತ ಕೂಡಲೇ ಸುಡಲೇಬೇಕು.

ಹೋದ ಫೆಬ್ರವರಿಯಲ್ಲಿ ನಾವೂ ಆಡಿ ನೋಡಿದೆವು. ನಾಲ್ಕು ಗೂಟ ನೆಟ್ಟು, ನಡುವೆ ಸಿಲ್ವರ್ ಓಕ್‌ನ ಕಡ್ಡಿ ತುಂಬಿ, ಇಬ್ಬರು ಮೇಲೆ ಹತ್ತಿ ತುಳಿದು, ಲಾರಿ ಹಗ್ಗದಲ್ಲಿ ಬಿಗಿದು ಮೂರು ಹೊರೆ ಕಟ್ಟಿ ಕಣದ ಶೆಡ್ಡಿನಲ್ಲಿ ಕಲ್ಲಿನ ಮೇಲಿಟ್ಟೆವು. ಏಪ್ರಿಲ್ ಹೊತ್ತಿಗೆ ಹಗ್ಗ ಸಡಿಲವಾಗಿತ್ತು. ಮರ ಒಣಗುವಾಗ ಕುಗ್ಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದ ನಾನು ಮರೆತಿದ್ದೆ. ಹುಡುಗ ಹಗ್ಗದೊಳಗೆ ಕೋಲು ತೂರಿಸಿ ತಿರುಪಿ ಬಿಗಿದ.