ಪ್ರತಿಷ್ಠೆ: ಪಲ್ಪರ್‌ಗೂ ಬೇಕಾ?

ಮೊನ್ನೆ ಮಡಿಕೇರಿಯಲ್ಲಿ ಒಂದು ಫ್ಲೆಕ್ಸ್ ಕಂಡೆ. ‘ನೂತನ ಪಲ್ಪರ್ ಯಂತ್ರದ ಪ್ರತಿಷ್ಟಾಪನೆ’. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಸ್ವಾಮಿ ಅದು! ಕೂರಿಸಿ, ಬೋಲ್ಟು ಬಿಗಿ ಮಾಡಿ, ಬೇಕಾದರೆ ಒಂದು ತೆಂಗಿನಕಾಯಿ ಒಡೆಯಿರಿ. ಸಿಸಿ ಕ್ಯಾಮೆರಾಗೆ ಈ ಪದ ಅಂಟಿಸಿದಾಗ ಸುಮ್ನಿದ್ದೆ. ಇನ್ನು ಆಗುವುದಿಲ್ಲ.

ಮೊದಲು ಆ ‘ಟ’ಕಾರದ ವಿಚಾರ. ಧಾತು ‘ಸ್ಥಾ’, ಅಂದರೆ ನಿಲ್ಲು. ಸ್ಥಾನ, ಸ್ಥಿರ, ಸಂಸ್ಥೆ, ಅವಸ್ಥೆ ಎಲ್ಲಾ ಅದೇ ಮನೆಯವು. ಅದರ ಮುಂದೆ ‘ಪ್ರತಿ’, ‘ನಿ’, ‘ಅನು’ ಥರ ಇಕಾರ ಉಕಾರದಲ್ಲಿ ಮುಗಿಯುವ ಉಪಸರ್ಗ ಬಂದರೆ ‘ಸ’ ಹೋಗಿ ‘ಷ’ ಆಗುತ್ತದೆ. ಪಕ್ಕದ ‘ಥ’ವೂ ಅದರ ಜೊತೆ ನಾಲಿಗೆ ಮಡಚಿ ‘ಠ’ ಆಗುತ್ತದೆ. ಹೀಗೆ ನಿಷ್ಠೆ, ಅನುಷ್ಠಾನ, ಪ್ರತಿಷ್ಠೆ. ಕಷ್ಟ ನಷ್ಟದ ‘ಟ’ಕ್ಕೆ ಇಲ್ಲಿ ಏನು ಕೆಲಸ? ಪ್ರಾಣಪ್ರತಿಷ್ಠೆ ಅಂತ ಬರೆಯುವಾಗಲೇ ಮಹಾಪ್ರಾಣ ತೆಗೆದರೆ ಹೇಗೆ?

‘ಇದು ನಮ್ಮ ಮನೆತನದ ಪ್ರತಿಷ್ಠೆ’ ಅನ್ನುವುದೂ ಇದೇ ಪದ. ಊರಲ್ಲಿ ಗಟ್ಟಿಯಾಗಿ ನಿಂತವನು ಪ್ರತಿಷ್ಠಿತ. ಅದರ ಬಗ್ಗೆ ತಕರಾರಿಲ್ಲ.

ದೇವಸ್ಥಾನದ ಪ್ರತಿಷ್ಠೆಯಲ್ಲಿ ಇಡುವ ಕೆಲಸ ಚಿಕ್ಕದು. ಅದಕ್ಕೆ ಮುಂಚೆ ಮೂರ್ತಿಯನ್ನು ನೀರಲ್ಲಿ ಇಡುತ್ತಾರೆ, ಧಾನ್ಯದಲ್ಲಿ ಮುಚ್ಚುತ್ತಾರೆ, ಹಾಸಿಗೆಯ ಮೇಲೆ ಮಲಗಿಸುತ್ತಾರೆ. ಕಣ್ಣು ತೆರೆಸುತ್ತಾರೆ, ಪ್ರಾಣ ತುಂಬುತ್ತಾರೆ. ಪೀಠಕ್ಕೂ ಮೂರ್ತಿಗೂ ನಡುವೆ ಅಷ್ಟಬಂಧ ಅನ್ನುವ ಅಂಟು. ಅರಗು, ಜೇನುಮೇಣ, ಬೆಣ್ಣೆ ಎಲ್ಲಾ ಸೇರಿಸಿ ಗಂಟೆಗಟ್ಟಲೆ ಕುಟ್ಟಿ ಹದ ಮಾಡಿದ್ದು. ಕೈಯಲ್ಲಿದ್ದಾಗ ಚಪಾತಿ ಹಿಟ್ಟಿನ ಹಾಗೆ ಮೆತ್ತಗೆ, ಕೂತಮೇಲೆ ಕಲ್ಲಿಗಿಂತ ಕಡಿಮೆಯೇನಲ್ಲ. ಅದು ಬಿರುಕು ಬಿಟ್ಟರೆ ಮತ್ತೆ ಅಷ್ಟಬಂಧ, ಮತ್ತೆ ಬ್ರಹ್ಮಕಲಶ, ಅಂದರೆ ಮಂತ್ರಿಸಿದ ಕಲಶದ ನೀರಿನ ಅಭಿಷೇಕ. ಕಲಶವನ್ನು 12 ವರ್ಷಕ್ಕೊಮ್ಮೆ ಮಾಡುವ ರೂಢಿಯೂ ಇದೆ.

ಆಮೇಲಿನದೇ ಜಾಸ್ತಿ. ಒಮ್ಮೆ ಪ್ರತಿಷ್ಠೆ ಆಯಿತೆಂದರೆ ದಿನಾ ಪೂಜೆ, ದಿನಾ ನೈವೇದ್ಯ. ತಪ್ಪಿಸುವ ಹಾಗಿಲ್ಲ. ಚೌತಿ ಗಣಪನಿಗೂ ಪ್ರಾಣಪ್ರತಿಷ್ಠೆ ಮಾಡುತ್ತೇವೆ, ಆದರೆ ಅವನನ್ನು ವಿಸರ್ಜನೆ ಮಾಡಿ ಕಳಿಸುವ ದಾರಿಯೂ ಇದೆ. ಪಲ್ಪರ್‌ಗೆ ಮಳೆಗಾಲದಲ್ಲಿ ನೈವೇದ್ಯ ಯಾರಿಡುತ್ತಾರೆ? ಟಾರ್ಪಲ್ ಹೊದಿಸಿ ಬಿಟ್ಟಿರುತ್ತಾರೆ, ಅಲ್ವಾ?

ಪುತ್ಥಳಿಗೆ ಅನಾವರಣ ಸಾಕು. ಜನರಲ್ ತಿಮ್ಮಯ್ಯನವರು ವೃತ್ತದಲ್ಲಿ ನಿಂತಿರುವುದು ನಮ್ಮ ಗೌರವಕ್ಕೆ, ಅವರಿಗೇನು ಮೂರು ಹೊತ್ತು ಮಂಗಳಾರತಿ ಆಗುವುದಿಲ್ಲ.

ಇನ್ನು ದೇವರೆಲ್ಲಾ ಪ್ರತಿಷ್ಠೆಯಿಂದಲೇ ಬರಬೇಕು ಅಂತೇನೂ ಇಲ್ಲ. ಮಡಿಕೇರಿಯ ಓಂಕಾರೇಶ್ವರ 1820ರಲ್ಲಿ ಕೊಡಗಿನ ಅರಸ ಲಿಂಗರಾಜ ಕಟ್ಟಿಸಿದ್ದು. ಲಿಂಗ ಕಾಶಿಯಿಂದ ಬಂತು ಅನ್ನುತ್ತಾರೆ. ಅಲ್ಲಿ ಪ್ರತಿಷ್ಠೆ ಸರಿ. ತಲಕಾವೇರಿಯಲ್ಲಿ ತುಲಾ ಸಂಕ್ರಮಣಕ್ಕೆ ಕುಂಡಿಕೆಯಲ್ಲಿ, ಅಂದರೆ ಕಾವೇರಿ ಹುಟ್ಟುವ ಪುಟ್ಟ ಕೊಳದಲ್ಲಿ, ಆಗುವುದು ತೀರ್ಥೋದ್ಭವ. ತಾನಾಗಿ ಬರುವ ಕಾವೇರಿಯನ್ನು ಯಾರು ತಂದು ನಿಲ್ಲಿಸಬೇಕು?

ದೇವರಕಾಡಿನ ಅಯ್ಯಪ್ಪನ ಮುಂದೆ ಮಣ್ಣಿನ ನಾಯಿಗಳ ಸಾಲು ನೋಡಿರುತ್ತೀರಿ. ಅದೂ ಪ್ರತಿಷ್ಠೆ ಅಲ್ಲ, ಹರಕೆ. ಒಪ್ಪಿಸಿ ಬಂದುಬಿಡುತ್ತಾರೆ. ಒಂದರ ಕಿವಿ ಮುರಿದಿರುತ್ತದೆ, ಇನ್ನೊಂದರ ಬೆನ್ನಿಗೆ ಪಾಚಿ. ಯಾರೂ ಅಷ್ಟಬಂಧ ಹಿಡಿದು ಓಡುವುದಿಲ್ಲ.